ರೋಗಿಗೆ ದೇವಸ್ಥಾನದ ಪ್ರಸಾದ ತಂದುಕೊಟ್ಟೆ. ನಂಬದವರ ಮೇಲೆ ನಮ್ಮ ಕನಿಕರ ಹೇಗಿರಬೇಕು?

ಕೋಡಿಬಾಗದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಇಗರ್ಜಿಯ ಕೆಲವು ಹೆಂಗಸರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತೇವೆ. ನೋಡಿಕೊಳ್ಳುವವರಿಲ್ಲದ ರೋಗಿಗಳಿಗೆ ಗಂಜಿ ಒಯ್ಯುವುದು, ತಲೆ ಬಾಚುವುದು, ಉಗುರು ತೆಗೆಯುವುದು, ಚೀಟಿ ಹಿಡಿದು ಮೆಡಿಕಲ್‌ಗೆ ಹೋಗಿಬರುವುದು, ಇಷ್ಟೇ ಕೆಲಸ. ಯಾವ ಜಾತಿ, ಯಾವ ಧರ್ಮ ಅಂತ ಕೇಳುವ ರೂಢಿ ಇಲ್ಲ.

ಮಾಜಾಳಿ ಕಡೆಯ ಅಜ್ಜ ಒಬ್ಬರಿದ್ದರು. ಸಕ್ಕರೆ ಕಾಯಿಲೆಗೆ ಕಾಲಿನ ಹೆಬ್ಬೆರಳು ತೆಗೆದಿದ್ದರು. ಮಗ ಟ್ರಾಲರ್ ಮೇಲೆ ಹೋದವನು, ಬಂದರಿಗೆ ಬಂದಾಗಲೇ ಬಂದ. ಬಲೆ ಎಳೆದು ಎಳೆದು ಅಜ್ಜನ ಕೈಬೆರಳು ಮಡಚಿಕೊಂಡೇ ಉಳಿದಿದ್ದವು. ಉಗುರು ತೆಗೆಯಬೇಕಾದರೆ ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿ ಹಿಡಿದುಕೊಳ್ಳಬೇಕು. ಕಿರುಬೆರಳಿಗೆ ಬರುವಷ್ಟರಲ್ಲಿ ಮೊದಲಿನದು ಮತ್ತೆ ಮಡಚಿರುತ್ತಿತ್ತು. ಅವರು ಒಂದು ದಿನ ನನ್ನನ್ನು ಕರೆದು, "ಬಾಯೇ, ಮುಂದಿನ ಸಲ ಬರುವಾಗ ನಮ್ಮೂರ ದೇವಸ್ಥಾನದಿಂದ ಒಂದು ಹೂ ತಂದುಕೊಡ್ತೀಯಾ?" ಅಂದರು. ತಂದುಕೊಟ್ಟೆ. ದೇವಸ್ಥಾನದ ಹೊರಗೆ ನಿಂತು ವಿಷಯ ಹೇಳಿದೆ, ಭಟ್ಟರು ಬಾಳೆಎಲೆಯಲ್ಲಿ ಕಟ್ಟಿಕೊಟ್ಟರು. ಅಜ್ಜ ಅದನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡರು.

ಇದು ನಮ್ಮ ಗುಂಪಿನ ಒಬ್ಬರಿಗೆ ಸರಿ ಬರಲಿಲ್ಲ. "ಯೇಸುಸ್ವಾಮಿಯನ್ನು ತೋರಿಸಬೇಕಾದ ಕೈಯಲ್ಲಿ ಇದೆಂತ ಒಯ್ದೆ? ನಂಬದವರಿಗೆ ನಾವು ಮಾಡುವುದೆಲ್ಲ ಅವರು ನಂಬಲಿ ಅಂತ ಅಲ್ಲವಾ?" ಎಂದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ನಾನು ಮಾಡಿದ್ದು ಸರಿ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ಆ ಪ್ರಶ್ನೆಗೆ ಉತ್ತರ ಬೇಕು. ಅಜ್ಜನಿಗೆ ಯೇಸು ಯಾರೆಂದು ತಿಳಿಯಲಿ ಅಂತ ನನಗೂ ಆಸೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ಆಸೆಗೂ ನಾನು ಒಯ್ಯುವ ಗಂಜಿಗೂ ಇರುವ ಸಂಬಂಧ ಏನು?

ದಾಂಡೇಲಿ ವಿಶ್ವಾಸಿ

ಅಕ್ಕಾ, ನಿಮ್ಮ ಸೇವೆಗಾಗಿ ದೇವರಿಗೆ ಸ್ತೋತ್ರ. ಆದರೆ ನಿಮ್ಮ ಗುಂಪಿನವರು ಹೇಳಿದ್ದರಲ್ಲೂ ಹುರುಳಿದೆ. ಸಾರುವವರಿಲ್ಲದೆ ಕೇಳುವುದು ಹೇಗೆ ಅಂತ ಪೌಲ ರೋಮಾಪುರದವರಿಗೆ ಬರೆದಿದ್ದಾನೆ. ಗಂಜಿ ಒಂದು ಹೊತ್ತಿನ ಹಸಿವಿಗಾಯಿತು, ಆತ್ಮದ ಗತಿ ಏನು? ಒಬ್ಬ ಮನುಷ್ಯ ದೇವರಿಲ್ಲದೆ ಹೋಗಿಬಿಡುತ್ತಾನೆ ಅಂತ ನಾವು ನಿಜವಾಗಿ ನಂಬಿದ್ದೇ ಆದರೆ ಬಾಯಿ ಮುಚ್ಚಿಕೊಂಡು ಉಗುರು ತೆಗೆಯುತ್ತ ಕೂರಲು ಹೇಗೆ ಸಾಧ್ಯ?

ನಾನು ಕುಡಿದು ಕಾಳಿ ನದಿ ದಂಡೆಯಲ್ಲಿ ಬಿದ್ದಿರುತ್ತಿದ್ದ ಕಾಲದಲ್ಲಿ ಒಬ್ಬರು ಪಕ್ಕ ಕೂತು ಬಾಯಿಬಿಟ್ಟು ಹೇಳಿದರು. ಹೇಳದಿದ್ದರೆ ಇವತ್ತು ನಾನಿಲ್ಲ. ಸುಮ್ಮನಿರುವುದೇ ದೊಡ್ಡ ಪ್ರೀತಿ ಅನ್ನುವ ಮಾತನ್ನು ನಾನು ಒಪ್ಪಲಾರೆ. ಪ್ರಸಾದದ ವಿಷಯದಲ್ಲೂ ನನ್ನ ಮನಸ್ಸು ಒಪ್ಪುವುದಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದರ ಬಗ್ಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ, 10ನೇ ಅಧ್ಯಾಯ ಓದಿ ನೋಡಿ.

ಶಿರಸಿಯವ

ನಾನು ಕ್ರೈಸ್ತನಲ್ಲ. ಆದರೂ ಬರೆಯುತ್ತೇನೆ. ಹಾಸಿಗೆಯ ಆ ಕಡೆ ಕೂತವರ ಮಾತೂ ಇಲ್ಲಿ ಬರಲಿ.

ನಮ್ಮ ಆಯಿಗೆ ಪಾರ್ಶ್ವವಾಯು ಬಡಿದು ಘಟ್ಟದ ಕೆಳಗೆ ಒಂದು ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಗೊತ್ತಲ್ಲ, ಮಣಿಪಾಲ, ಹುಬ್ಬಳ್ಳಿ, ಇಲ್ಲಾ ಗೋವಾದ ಬಾಂಬೋಳಿ. ಮೂಗಿಗೆ ನಳಿಗೆ ಹಾಕಿದ್ದರು, ಮಾತು ನಿಂತಿತ್ತು, ಅರಿವು ಮಾತ್ರ ಪೂರ್ತಿ ಇತ್ತು. ನಾನು ಔಷಧಿ ತರಲು ಕೆಳಗೆ ಹೋದ ಹೊತ್ತಿಗೆ ಯಾರೋ ಇಬ್ಬರು ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದ್ದರು. ಸುಳ್ಳು ದೇವರನ್ನು ಬಿಟ್ಟರೆ ಗುಣವಾಗುತ್ತದೆ ಅಂತಲೂ ಹೇಳಿದ್ದು ಪಕ್ಕದ ಹಾಸಿಗೆಯವರಿಂದ ಗೊತ್ತಾಯಿತು. ನಾನು ಬಂದಾಗ ಆಯಿಯ ಕಣ್ಣಲ್ಲಿ ನೀರು. ಬೇಡ ಅಂತ ತಲೆ ಅಲ್ಲಾಡಿಸುವ ಶಕ್ತಿಯೂ ಅವಳಿಗಿರಲಿಲ್ಲ. ಹೇಳಿದವರು ಒಳ್ಳೆಯದಾಗಲಿ ಅಂತಲೇ ಹೇಳಿರಬಹುದು. ನನಗೆ ಮರೆಯಲು ಆಗಿಲ್ಲ.

ಅದೇ ವಾರ್ಡಿನಲ್ಲಿ ಕೇರಳದ ಒಬ್ಬ ನರ್ಸ್ ಇದ್ದರು, ಕೊರಳಲ್ಲಿ ಶಿಲುಬೆ. ಸ್ಕ್ಯಾನಿಂಗ್‌ಗೆ ಒಯ್ಯುವ ಮೊದಲು ಆಯಿಯ ತುಳಸಿ ಸರ, ತಾಳಿ ಎಲ್ಲ ತೆಗೆಯಬೇಕಿತ್ತು. ಅವರು ಅದನ್ನು ಗಾಜ್ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದು ನನ್ನ ಕೈಗೆ ಕೊಟ್ಟರು. ವಾಪಸ್ ಬಂದ ಮೇಲೆ ನಾನು ಕೇಳುವ ಮೊದಲೇ "ಅಮ್ಮನದು ಕೊಡಿ" ಅಂತ ಇಸಿದುಕೊಂಡು, ನಳಿಗೆಗೆ ತಾಗದ ಹಾಗೆ ಸರವನ್ನು ಕೊರಳಿಗೆ ಹಾಕಿದರು. ಆಯಿ ಅವರ ಕೈ ಹಿಡಿದುಕೊಂಡಳು. ಅವರು ತಮ್ಮ ದೇವರ ಬಗ್ಗೆ ಒಂದು ಶಬ್ದ ಹೇಳಲಿಲ್ಲ. ಯೇಸುವಿನ ಬಗ್ಗೆ ನನಗೆ ಏನಾದರೂ ಗೌರವ ಇದ್ದರೆ ಅದು ಅವರಿಂದ ಬಂದದ್ದು.

ದಾಂಡೇಲಿ ವಿಶ್ವಾಸಿ

ಅಣ್ಣಾ, ಆಯಿಗೆ ಹಾಗೆ ಮಾಡಬಾರದಿತ್ತು. ಬೇಡ ಅನ್ನಲೂ ಆಗದವರ ಮೇಲೆ ಹೋಗಿ ನಿಲ್ಲುವುದು ಸುವಾರ್ತೆ ಅಲ್ಲ. ನನ್ನ ಪಕ್ಕ ಕೂತು ಹೇಳಿದವರು ಮೊದಲು ಕೇಳಿದ್ದು "ಊಟ ಆಯ್ತಾ, ಒಂಚೂರು ಮಾತಾಡಬಹುದಾ?" ಅಂತ.

ಹೊನ್ನಾವರದ ಮಾಸ್ತರ

ತಂಗೀ, ನಿನ್ನ ಪ್ರಶ್ನೆ ದೊಡ್ಡದು. ಪ್ರಸಾದದಿಂದಲೇ ಹಿಡಿಯುತ್ತೇನೆ, ಯಾಕೆಂದರೆ ಅದಕ್ಕೆ ಬೈಬಲಿನಲ್ಲೇ ಹತ್ತಿರದ ಪ್ರಸಂಗವಿದೆ.

ಅರಸುಗಳ ಎರಡನೆಯ ಗ್ರಂಥದ 5ನೇ ಅಧ್ಯಾಯ. ಅರಾಮ್ಯರ ಸೇನಾಪತಿ ನಾಮಾನನಿಗೆ ಕುಷ್ಠ. ಪ್ರವಾದಿ ಎಲೀಷನ ಮಾತಿನಂತೆ ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗಿ ಗುಣವಾದ. ಇನ್ನು ಮುಂದೆ ಇಸ್ರಾಯೇಲಿನ ದೇವರನ್ನಲ್ಲದೆ ಬೇರೆ ಯಾರನ್ನೂ ಆರಾಧಿಸುವುದಿಲ್ಲ ಎಂದವನು ಒಂದು ಕಷ್ಟ ಹೇಳಿಕೊಂಡ. ತನ್ನ ಅರಸ ರಿಮ್ಮೋನನ ಗುಡಿಗೆ ಹೋಗುವಾಗ ಇವನ ಕೈಗೆ ಒರಗಿಕೊಂಡು ಹೋಗುತ್ತಾನೆ, ಅರಸ ಬಗ್ಗಿದಾಗ ತಾನೂ ಬಗ್ಗಬೇಕಾಗುತ್ತದೆ, ಇದನ್ನು ದೇವರು ಕ್ಷಮಿಸಲಿ ಎಂದ. ಪ್ರವಾದಿ ಗದರಿಸಲಿಲ್ಲ. ಸಮಾಧಾನದಿಂದ ಹೋಗು ಎಂದು ಕಳಿಸಿದ. ಅರಸನಿಗೆ ಆಸರೆಯಾಗಿ ಗುಡಿಯೊಳಗೆ ನಿಂತವನಿಗೇ ಸಮಾಧಾನ ಸಿಕ್ಕಿದ್ದರೆ, ಗುಡಿಯ ಹೊರಗೆ ನಿಂತು ಮುದುಕನೊಬ್ಬನಿಗೆ ಹೂ ತಂದವಳಿಗೆ ಯಾಕೆ ಸಿಗಬಾರದು? ದಾಂಡೇಲಿಯವರು ಹೇಳಿದ ಪೌಲನ ಮಾತು ನಾವು ಸೇವಿಸುವುದರ ಬಗ್ಗೆ, ನಮ್ಮ ಆರಾಧನೆ ಎರಡು ಕಡೆ ಹರಿಯಬಾರದು ಎನ್ನುವುದರ ಬಗ್ಗೆ. ನೀನು ಆರಾಧಿಸಲಿಲ್ಲ, ಒಯ್ದುಕೊಟ್ಟೆ. ಆದರೆ ಅದೇ ಪತ್ರದಲ್ಲಿ ಇನ್ನೊಬ್ಬರ ಮನಸ್ಸಾಕ್ಷಿಗೆ ಪೆಟ್ಟಾಗಬಾರದು ಎಂಬ ಮಾತೂ ಇದೆ. ನಿನ್ನ ಗುಂಪಿನ ಆ ತಾಯಿಯ ಜೊತೆ ಕೂತು ನಾಮಾನನ ಕಥೆ ಓದು. ಆಮೇಲೂ ಅವರಿಗೆ ಒಪ್ಪಿಗೆಯಾಗದಿದ್ದರೆ ಅಂಥ ಕೆಲಸ ಅವರಿಗೆ ಹೇಳಬೇಡ, ನೀನೇ ಮಾಡು.

ಇನ್ನು ಗಂಜಿಗೂ ಆಸೆಗೂ ಇರುವ ಸಂಬಂಧ. ಲೂಕನ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬ, ಅವನೂ ಯೆಹೂದ್ಯರು ಹೊರಗಿನವರೆಂದು ನೋಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದರು. ಆ ಕೇಳುವಿಕೆಯಲ್ಲಿ ನೋವಿದೆ. ಆದರೆ ಒಂಬತ್ತು ಮಂದಿಯ ಮೈಮೇಲೆ ಕುಷ್ಠ ಮರಳಿ ಬರಲಿಲ್ಲ, ನೋಡು! ಮಾರ್ಕನ 10ನೇ ಅಧ್ಯಾಯದ ಶ್ರೀಮಂತನನ್ನು ತಗೊ. ಯೇಸು ಅವನನ್ನು ನೋಡಿ ಪ್ರೀತಿಸಿದರು ಎಂದು ಬರೆದಿದೆ. ಆ ಪ್ರೀತಿ ಅವನು ಉತ್ತರ ಕೊಡುವುದಕ್ಕಿಂತ ಮೊದಲಿನದು. ಅವನು ಮುಖ ಸಣ್ಣ ಮಾಡಿಕೊಂಡು ಹೊರಟುಹೋದ. ಯೇಸು ಅವನ ಬೆನ್ನು ಹತ್ತಲಿಲ್ಲ, ಅವನಿಗಾಗಿ ಮಾತನ್ನು ಅಗ್ಗ ಮಾಡಲೂ ಇಲ್ಲ. ನಂಬದವರ ಮೇಲಿನ ಕನಿಕರ ಇದೇ ಅಂತ ನಾನು ತಿಳಿದಿದ್ದೇನೆ. ಅವರು ಬರಲಿ ಎಂಬ ಆಸೆ ಇರುತ್ತದೆ, ಬಾರದಿದ್ದರೆ ನೋವಾಗುತ್ತದೆ, ಆದರೆ ಕೊಟ್ಟದ್ದು ಕೊಟ್ಟದ್ದೇ.

ನಮ್ಮ ಕರಾವಳಿಗೆ ಸಂಬಂಧಪಟ್ಟ ಒಬ್ಬರ ವಿಷಯ ಹೇಳದೆ ಬಿಡಲಾರೆ. ಸಂತ ಜೋಸೆಫ್ ವಾಜ್. 1651ರಲ್ಲಿ ಗೋವಾದ ಬೆಣಾವ್ಲಿಯಲ್ಲಿ ಹುಟ್ಟಿದ ಕೊಂಕಣಿ ಪಾದ್ರಿ. 1681ರಲ್ಲಿ ಕೆನರಾಕ್ಕೆ ಬಂದು ಮಂಗಳೂರು, ಬಸ್ರೂರಿನಿಂದ ನಮ್ಮ ಹೊನ್ನಾವರದ ತನಕ ಓಡಾಡಿದವರು. 1687ರಲ್ಲಿ ಕೂಲಿಯವನ ವೇಷ ಹಾಕಿಕೊಂಡು ಸಿಲೋನಿಗೆ ಹೋದರು, ಯಾಕೆಂದರೆ ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು, ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶವಿರಲಿಲ್ಲ. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂಬ ಗುಮಾನಿಯಲ್ಲಿ ಸೆರೆಗೆ ಹಾಕಿದರು. ಅದೇ ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಬಂತು. ಕೈಕಾಲು ಗಟ್ಟಿಯಿದ್ದವರು ಊರು ಬಿಟ್ಟರು, ಅರಸನೂ ಹೊರಟ. ಜೋಸೆಫ್ ವಾಜ್ ಉಳಿದರು. ಮನೆಯವರೇ ಬಿಟ್ಟುಹೋದ ರೋಗಿಗಳನ್ನು ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ಆ ರೋಗಿಗಳಲ್ಲಿ ಬೌದ್ಧರೂ ಇದ್ದರು, ಕ್ರೈಸ್ತರೂ ಇದ್ದರು. ಅರಸ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಬಹಳ ಗೌರವಿಸಿದ, ಕೊನೆಯವರೆಗೂ ಬೌದ್ಧನಾಗಿಯೇ ಉಳಿದ. ಅದಕ್ಕಾಗಿ ಇವರು ಕೆಲಸ ಕಡಿಮೆ ಮಾಡಿದವರಲ್ಲ, 1711ರಲ್ಲಿ ಅದೇ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಅವರು ಶುಭಸಂದೇಶ ಸಾರಲೆಂದೇ ಹೋದವರು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಸಿಡುಬಿನ ಹಾಸಿಗೆಯ ಹತ್ತಿರ ಮಾತ್ರ ಬೌದ್ಧ, ಕ್ರೈಸ್ತ ಎಂದು ಭೇದ ಮಾಡಲಿಲ್ಲ.

ಅಂಕೋಲಾ ಹುಡುಗ

ಮಾಸ್ತರೆ, ನಾನು ಯಾವ ದೇವರನ್ನೂ ನಂಬುವವನಲ್ಲ. ಒಂದು ಪ್ರಶ್ನೆ ನೇರವಾಗಿ ಕೇಳ್ತೆ, ಬೇಜಾರು ಮಾಡ್ಕೊಬೇಡಿ. ನಿಮ್ಮ ಕಣ್ಣಿಗೆ ನಾವೆಲ್ಲ ದಾರಿ ತಪ್ಪಿದವರು. ಹಾಗಾದರೆ ನೀವು ತೋರಿಸುವ ಕನಿಕರದಲ್ಲಿ ಮೇಲೆ ನಿಂತು ಕೆಳಗೆ ನೋಡುವ ಭಾವನೆ ಇರುವುದಿಲ್ಲವಾ?

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ನಾನು ಅಲ್ಲಿಗೆ ಹೋಗಿದ್ದೆ. ಗಂಗಾವಳಿ ಹೊಳೆಯ ಆಚೆ ದಡದ ಉಳುವರೆ ಊರಿಗೂ ನೀರು ನುಗ್ಗಿ ಮನೆಗಳು ಹೋಗಿದ್ದವು. ಅಕ್ಕಿ, ಚಾಪೆ, ಬಟ್ಟೆ ಹಿಡಿದು ಎಷ್ಟೋ ಜನ ಬಂದರು. ಮಳೆಯಲ್ಲಿ ಎಲ್ಲರೂ ಒಂದೇ ಥರ ಒದ್ದೆ, ಯಾರು ಯಾವ ದೇವರವರು ಅಂತ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಯಾರೂ ಮೇಲೆ ಇರಲಿಲ್ಲ, ಯಾರೂ ಕೆಳಗೆ ಇರಲಿಲ್ಲ. ಆಸ್ಪತ್ರೆಯಲ್ಲಿ, ಬಡವರ ಮನೆಯಲ್ಲಿ ಹಾಗಿರುತ್ತದಾ?

ಹಳಿಯಾಳದಿಂದ

ನಮ್ಮ ಸಿದ್ದಿ ಕುಟುಂಬಗಳಲ್ಲಿ ಈ ಪ್ರಶ್ನೆ ಬೇರೆ ಥರ. ನಮ್ಮ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ನೆಂಟಸ್ತನ ಮಾತ್ರ ಒಂದೇ. ನನ್ನ ಅತ್ತೆಯೊಬ್ಬಳು ನಮಾಜ್ ಮಾಡುವವಳು. ಜ್ವರ ಬಂದು ಮಲಗಿದಾಗ ಅವಳಿಗೆ ಕಷಾಯ ಕಾಸುವ ಮುಂಚೆ ಇವಳು ನಂಬಿದವಳೋ ನಂಬದವಳೋ ಅಂತ ಲೆಕ್ಕ ಹಾಕುವುದು ನಮಗೆ ಬರುವುದೇ ಇಲ್ಲ. ಹಾಗಂತ ಭಾನುವಾರ ನಾನು ಇಗರ್ಜಿ ತಪ್ಪಿಸುವುದೂ ಇಲ್ಲ. ಅತ್ತೆಯ ಹೆಸರು ದಿನಾ ನನ್ನ ಪ್ರಾರ್ಥನೆಯಲ್ಲಿ ಇದೆ, ಅವಳಿಗೂ ಗೊತ್ತು. ನನ್ನ ಹೆಸರು ಅವಳ ದುವಾದಲ್ಲಿ ಇದೆ, ನನಗೂ ಗೊತ್ತು.

ವೇದಿಕೆ ನಿರ್ವಾಹಕ

ಒಂದು ಕಮೆಂಟ್ ತೆಗೆದಿದ್ದೇವೆ. ಯಾರ ದೇವರನ್ನೂ ಹೀನಾಯವಾಗಿ ಬರೆಯುವುದು ಬೇಡ. ಕಾನೂನಿನ ಬಗ್ಗೆ ಇಬ್ಬರು ಕೇಳಿದ್ದೀರಿ. ರಾಜ್ಯದ ಮತಾಂತರ ತಡೆ ಕಾಯ್ದೆ 2022ರಲ್ಲಿ ಬಂತು, ಅದನ್ನು ವಾಪಸ್ ಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಕೋಡಿಬಾಗದವರ ಪ್ರಶ್ನೆಗೇ ಅಂಟಿಕೊಳ್ಳೋಣ.

ಕುಮಟಾದ ಸೊಸೆ

ನನ್ನ ಗಂಡ ಹಿಂದೂ, ನಾನು ಕ್ಯಾಥೊಲಿಕ್. ನಾನು ಈ ಪ್ರಶ್ನೆಯ ಜೊತೆಗೇ ಸಂಸಾರ ಮಾಡುತ್ತಿದ್ದೇನೆ. ಡಿಸೆಂಬರ್ 3ರ ಚಂದಾವರ ಫೆಸ್ತಿಗೆ ಅವರೇ ಕರೆದುಕೊಂಡು ಹೋಗುತ್ತಾರೆ, ಸಂತ ಫ್ರಾನ್ಸಿಸ್ ಕ್ಸೇವಿಯರರ ಮುಂದೆ ಅವರೂ ಮೇಣದ ಬತ್ತಿ ಹಚ್ಚುತ್ತಾರೆ. ಅಲ್ಲಿಗೆ ಎಲ್ಲ ಧರ್ಮದವರೂ ಬರುತ್ತಾರೆ, ನಿಮಗೆ ಗೊತ್ತಿರುತ್ತದೆ. ಮನೆಗೆ ಬಂದರೆ ತುಳಸಿಗೆ ನೀರು ಹಾಕುವುದೂ ಅವರೇ.

ನಮ್ಮ ಕಡೆಯ ಕೆಲವರು ಭೇಟಿಯಾದಾಗಲೆಲ್ಲ "ಅವರಿಗೆ ಯಾವಾಗ ಜ್ಞಾನಸ್ನಾನ?" ಅಂತ ಕೇಳುತ್ತಾರೆ. ಅವರೆದುರಿಗೇ ಕೇಳುತ್ತಾರೆ. ನನ್ನ ಗಂಡ ನಕ್ಕು ಸುಮ್ಮನಾಗುತ್ತಾರೆ, ನನಗೆ ಮೈ ಉರಿಯುತ್ತದೆ. ನನ್ನ ಅಪ್ಪನ ಕೊನೆಗಾಲದಲ್ಲಿ ರಾತ್ರಿಯೆಲ್ಲ ಬೆಡ್‌ಪ್ಯಾನ್ ಹಿಡಿದವರು ಇವರು. ಅಪ್ಪನಿಗೆ ತೇರ್ಸ್ ಹೇಳಲು ಉಸಿರು ಸಾಲದಾದಾಗ, ಪ್ರಾರ್ಥನೆ ಬಾರದಿದ್ದರೂ ಜಪಮಾಲೆಯ ಮಣಿಯನ್ನು ಒಂದೊಂದಾಗಿ ಅಪ್ಪನ ಬೆರಳಿಗೆ ಸರಿಸಿ ಕೊಡುತ್ತಿದ್ದರು.

ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ನಂಬದ ಗಂಡನಿಗೆ ಹೆಂಡತಿಯ ನಡತೆಯೇ ಸಾಕ್ಷಿ, ಮಾತು ಬೇಡ ಎನ್ನುವ ಅರ್ಥದ ಮಾತಿದೆ. ಅದೇ ಅಧ್ಯಾಯದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿ ಅಂತಲೂ ಇದೆ. ಅವರು ಕೇಳಿದಾಗ ಹೇಳುತ್ತೇನೆ. ಆಗೀಗ ಕೇಳುತ್ತಾರೆ ಕೂಡ. ಅವರು ಯೇಸುವನ್ನು ನಂಬಲಿ ಅಂತ ನನಗೆ ತುಂಬಾ ಆಸೆ. ನಂಬದಿದ್ದರೆ ಅವರನ್ನು ಕಡಿಮೆ ಪ್ರೀತಿಸುತ್ತೇನಾ? ಆ ಯೋಚನೆಯೇ ನನಗೆ ಬರುವುದಿಲ್ಲ.

ಕೋಡಿಬಾಗದವಳು, ಕಾರವಾರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಶಿರಸಿಯ ಅಣ್ಣ ಬರೆದದ್ದನ್ನು ನಮ್ಮ ಗುಂಪಿನವರಿಗೆಲ್ಲ ಓದಿ ಹೇಳಿದೆ.

ಅಂಕೋಲಾದ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಮೇಲೆ ನಿಂತು ನೋಡುವವರು ನಮ್ಮಲ್ಲಿ ಇದ್ದಾರೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದು ಯೇಸುಸ್ವಾಮಿ ಕಲಿಸಿದ್ದಲ್ಲ. ಒಳ್ಳೆ ಸಮಾರ್ಯದವನ ಕಥೆಯಲ್ಲಿ ದಾರಿಯಲ್ಲಿ ಬಿದ್ದವನನ್ನು ದಾಟಿಹೋದವರು ದೇವಾಲಯದ ಯಾಜಕ ಮತ್ತು ಲೇವಿ. ಎತ್ತಿ, ಗಾಯಕ್ಕೆ ಎಣ್ಣೆ ಹೊಯ್ದು, ತನ್ನ ಕತ್ತೆಯ ಮೇಲೆ ಕೂರಿಸಿ, ಛತ್ರದವನಿಗೆ ಎರಡು ದಿನಾರಿ ಕೊಟ್ಟವನು ಯೆಹೂದ್ಯರ ದೃಷ್ಟಿಯಲ್ಲಿ ಸರಿಯಾದ ನಂಬಿಕೆ ಇಲ್ಲದವನು. ನನ್ನ ನೆರೆಯವನು ಯಾರು ಅಂತ ಕೇಳಿದವನಿಗೆ ಯೇಸು ಮಾದರಿಯಾಗಿ ತೋರಿಸಿದ್ದೇ ಹೊರಗಿನವನನ್ನು. ಶತಾಧಿಪತಿಯ ನಂಬಿಕೆ ನೋಡಿ ಯೇಸುವೇ ಬೆರಗಾದರು, ಅವನು ರೋಮನ್ ಸೈನ್ಯದವನು. ಹಾಗಿರುವಾಗ ನಾನು ಮಾಜಾಳಿಯ ಅಜ್ಜನ ಮುಂದೆ ಯಾವ ಮೆಟ್ಟಿಲು ಹತ್ತಿ ನಿಲ್ಲಲಿ? ನನಗೆ ವಿಶ್ವಾಸ ಸಿಕ್ಕಿದ್ದು ನನ್ನ ಯೋಗ್ಯತೆಯಿಂದಲ್ಲ. ಅವ್ವ ತೊಡೆಯ ಮೇಲೆ ಕೂರಿಸಿಕೊಂಡು ಶಿಲುಬೆ ಗುರುತು ಹಾಕಲು ಕಲಿಸಿದಳು. ಪುಕ್ಕಟೆ ಸಿಕ್ಕಿದ್ದರ ಮೇಲೆ ಹಮ್ಮು ಹೇಗೆ ಮಾಡುವುದು?

ದಾಂಡೇಲಿಯ ತಮ್ಮಾ, ನೀನು ಹೇಳಿದ್ದರಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸುಮ್ಮನಿರುವುದೇ ದೊಡ್ಡ ಪ್ರೀತಿ ಅಲ್ಲ ಅಂದೆಯಲ್ಲ, ಅದು ನಿಜ. ಯೇಸುವಿನ ಹೆಸರು ಹೇಳಲು ನಾಚಿ ಸುಮ್ಮನಿರುವುದು ಬೇರೆ, ಎದುರಿಗಿರುವವರ ಸ್ಥಿತಿ ನೋಡಿ ಸುಮ್ಮನಿರುವುದು ಬೇರೆ. ಪೋಪ್ 16ನೇ ಬೆನೆಡಿಕ್ಟ್ 2005ರ ಡಿಸೆಂಬರ್ 25ರ ವಿಶ್ವಪತ್ರದಲ್ಲಿ ಇದನ್ನೇ ಬರೆದಿದ್ದಾರೆ. ಪ್ರೀತಿಯ ಸೇವೆ ಮತಕ್ಕೆ ಎಳೆಯುವ ಉಪಾಯ ಆಗಬಾರದು, ದೇವರ ಬಗ್ಗೆ ಯಾವಾಗ ಮಾತಾಡಬೇಕು, ಯಾವಾಗ ಪ್ರೀತಿಯೊಂದೇ ಮಾತಾಡಲಿ ಎಂದು ಬಿಡಬೇಕು ಅನ್ನುವುದು ಕ್ರೈಸ್ತನಿಗೆ ತಿಳಿದಿರುತ್ತದೆ ಎಂಬುದು ಅದರ ಸಾರ. ಗಂಜಿಯನ್ನು ಗಾಳಕ್ಕೆ ಸಿಕ್ಕಿಸಿದ ಸಿಗಡಿಯ ಹಾಗೆ ಒಯ್ದರೆ ಮೀನಿನ ಮೇಲೆ ನಮಗೆ ಪ್ರೀತಿಯಿದೆ ಅಂತ ಯಾರೂ ಹೇಳುವುದಿಲ್ಲ.

ನನ್ನ ಆಸೆಯನ್ನು ಎಲ್ಲಿಡಬೇಕು ಅನ್ನುವುದು ಈಗ ಸ್ವಲ್ಪ ಸ್ಪಷ್ಟವಾಗಿದೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಹತ್ತು ದೊಡ್ಡ ಪ್ರಾರ್ಥನೆಗಳಿವೆ. ಅದರಲ್ಲಿ ಕ್ರಿಸ್ತನನ್ನು ನಂಬದವರಿಗಾಗಿ ಒಂದು, ದೇವರನ್ನೇ ನಂಬದವರಿಗಾಗಿ ಇನ್ನೊಂದು. ನಾವು ಮೊಣಕಾಲೂರಿ ಅವರ ಪರವಾಗಿ ದೇವರ ಹತ್ತಿರ ಮಾತಾಡುತ್ತೇವೆ. ಪ್ರತಿ ವಾರ ಆಸ್ಪತ್ರೆಗೆ ಹೊರಡುವ ಮೊದಲು ಈ ಎರಡನ್ನು ಹೇಳೋಣ ಅಂತ ನಾನು ಗುಂಪಿಗೆ ಹೇಳಿದ್ದೇನೆ. ವಾರ್ಡಿನಲ್ಲಿ ಕೇಳದೆ ಯಾರ ಮೈಮೇಲೂ ಕೈಯಿಡುವುದಿಲ್ಲ, ಪ್ರಾರ್ಥನೆ ಹೇಳುವುದಿಲ್ಲ, ಕರಪತ್ರ ಒಯ್ಯುವುದಿಲ್ಲ. "ನೀವು ಯಾಕೆ ಹೀಗೆ ಬರ್ತೀರಿ?" ಅಂತ ಅವರಾಗಿಯೇ ಕೇಳಿದರೆ ಯೇಸುವಿನ ಹೆಸರನ್ನು ಮರೆಮಾಚದೆ ಹೇಳುತ್ತೇವೆ. ಪ್ರಸಾದಕ್ಕೆ ಸಿಟ್ಟಾದ ಅಕ್ಕನೂ ಇದಕ್ಕೆ ಹೂಂ ಅಂದಿದ್ದಾರೆ. ಹೂವಿನ ವಿಷಯ ಅವರಿಗೆ ಇನ್ನೂ ಸರಿ ಬಂದಿಲ್ಲ.

ಶಿರಸಿಯವ

ಅಕ್ಕಾ, ಇಷ್ಟನ್ನು ಎಲ್ಲರೂ ಪಾಲಿಸಿದರೆ ಜಗಳವೇ ಇಲ್ಲ. ಆದರೆ ಒಂದು ಕಠಿಣ ಪ್ರಶ್ನೆ. ನೀವು ನೋಡಿಕೊಂಡ ರೋಗಿ ಗುಣವಾದ ಮೇಲೆ "ನಾನೂ ನಿಮ್ಮಲ್ಲಿಗೆ ಸೇರ್ತೇನೆ" ಅಂದರೆ ಎಂತ ಮಾಡ್ತೀರಿ? ಉಪಕಾರದ ಭಾರಕ್ಕೆ ಹೇಳಿದ್ದೋ, ಮನಸ್ಸಿನಿಂದ ಹೇಳಿದ್ದೋ ಹೇಗೆ ಗೊತ್ತಾಗುತ್ತದೆ?

ಹೊನ್ನಾವರದ ಮಾಸ್ತರ

ಭಟ್ಟರೋ ಹೆಗಡೆಯವರೋ ಗೊತ್ತಿಲ್ಲ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಅವಸರ ಮಾಡಬಾರದು ಎಂಬುದೇ ಇದಕ್ಕೆ ನಮ್ಮ ಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಉತ್ತರ. ಪ್ರಾಯಕ್ಕೆ ಬಂದವರು ಜ್ಞಾನಸ್ನಾನ ಪಡೆಯಬೇಕಾದರೆ ಅವರೇ ತಮ್ಮ ಇಚ್ಛೆ ತಿಳಿಸಿರಬೇಕು, ವಿಶ್ವಾಸದ ಸತ್ಯಗಳನ್ನು ಕಲಿತಿರಬೇಕು, ಕ್ರೈಸ್ತ ಬಾಳುವೆಯಲ್ಲಿ ಪರೀಕ್ಷಿತರಾಗಿರಬೇಕು ಎಂದು ಸಭೆಯ ಕಾನೂನೇ ಹೇಳುತ್ತದೆ. ಉಪಕಾರದ ಭಾರಕ್ಕೆ ಬಂದವರಿಗೆ ಆ ಕಾಲದಲ್ಲಿ ಯೋಚಿಸಲು ಬಿಡುವು ಸಿಗುತ್ತದೆ, ಹಿಂದೆ ಸರಿಯಲು ದಾರಿಯೂ ಇರುತ್ತದೆ. ಹಿಂದೆ ಸರಿದವರ ಮನೆಗೆ ಗಂಜಿ ನಿಲ್ಲಬಾರದು. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಒತ್ತಾಯಿಸಕೂಡದು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರ ಘೋಷಣೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮನಸ್ಸಿನಿಂದ ಬಂದವರನ್ನು ತಡೆಯುವುದೂ ಅಷ್ಟೇ ತಪ್ಪು, ಅದನ್ನೂ ನೀವು ಒಪ್ಪಬೇಕು.

ಶಿರಸಿಯವ

ಒಪ್ಪಿದೆ ಮಾಸ್ತರೆ. ಕಷ್ಟ ಆಗ್ತದೆ, ಆದರೂ ಒಪ್ಪಿದೆ.

ದಾಂಡೇಲಿ ವಿಶ್ವಾಸಿ

ಅಕ್ಕಾ, ಹೂವಿನ ವಿಷಯದಲ್ಲಿ ನಾನು ಇನ್ನೂ ನಿಮ್ಮ ಗುಂಪಿನ ಆ ಅಕ್ಕನ ಕಡೆಗೇ. ಆದರೆ ನಮ್ಮ ಸಭೆಯಲ್ಲಿ ಭಾನುವಾರ ಶಿರಸಿಯವರ ಆಯಿಯ ವಿಷಯ ಹೇಳುತ್ತೇನೆ, ಊರು ಹೆಸರು ಹೇಳುವುದಿಲ್ಲ. ಇನ್ನೊಂದು, ನಾನು ಗಾಡಿ ಓಡಿಸುವವನು, ಕೊಂಕಣಿಯೂ ಬರುತ್ತದೆ. ಕಾರವಾರದಿಂದ ಬಾಂಬೋಳಿಗೆ ಹೋಗುವ ರೋಗಿಗಳ ಜೊತೆ ಯಾರೂ ಇಲ್ಲದಿದ್ದರೆ ಹೇಳಿ. ಅಲ್ಲಿ ಕೇಸ್ ಪೇಪರ್ ಮಾಡಿಸುವುದು, ಸಾಲಿನಲ್ಲಿ ನಿಲ್ಲುವುದು ಹೊಸಬರಿಗೆ ಗೊತ್ತಾಗುವುದಿಲ್ಲ. ಯಾರಾದರೂ ಸರಿ, ಯಾವ ದೇವರವರಾದರೂ ಸರಿ. ಡೀಸೆಲ್ ಖರ್ಚು ನನ್ನದು.

ಕೋಡಿಬಾಗದವಳು, ಕಾರವಾರ

ತಮ್ಮಾ, ನಾಳೆಯೇ ಬೇಕಾಗಬಹುದು. ಸದಾಶಿವಗಡದ ಒಬ್ಬ ಮುಸ್ಲಿಂ ಅಮ್ಮನಿಗೆ ಕಿಡ್ನಿ ತಜ್ಞರ ಹತ್ತಿರ ಹೋಗಲು ಬರೆದುಕೊಟ್ಟಿದ್ದಾರೆ, ಜೊತೆಗೆ ಹತ್ತನೇ ಕ್ಲಾಸಿನ ಮೊಮ್ಮಗಳು ಮಾತ್ರ. ಬೆಳಿಗ್ಗೆ ಬೇಗ ಹೊರಡದಿದ್ದರೆ ಒಪಿಡಿ ಸಿಗುವುದಿಲ್ಲ, ನೀನು ಹಿಂದಿನ ರಾತ್ರಿಯೇ ಕಾರವಾರಕ್ಕೆ ಬಂದು ಉಳಿಯಬೇಕಾಗುತ್ತದೆ. ನಮ್ಮ ಮನೆಯಲ್ಲೇ ಉಳಿ. ನಂಬರ್ ನಿರ್ವಾಹಕರ ಹತ್ತಿರ ಕೊಟ್ಟಿರುತ್ತೇನೆ.